ಶುಶ್ರೂಷಾ ಪದವಿಯ ಬಾಗಿಲು: ಕಲ್ಪತರು ನಾಡಿನಿಂದ ಒಂದು ಹಿನ್ನೋಟ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡ, ಗುರುಗಳ ಪರಂಪರೆ, ಹಬ್ಬದ ವೈಭವ ಇವುಗಳನ್ನು ಕುರಿತು ಬಲ್ಲವರು ಬರೆದಿದ್ದಾರೆ. ನಾವು ಬರೆಯಹೊರಟಿರುವ ವಿಷಯಕ್ಕೆ ಶಿಲಾಶಾಸನವಿಲ್ಲ, ಭಾವಚಿತ್ರವೂ ಇಲ್ಲ. ಆದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕಥೋಲಿಕ ಕುಟುಂಬಗಳಲ್ಲಿ ಶುಶ್ರೂಷೆಯ ಕಸುಬಿನ ಮಾತು ಬಾರದ ಮನೆ ವಿರಳ. ಅತ್ತೆಯೋ, ಚಿಕ್ಕಮ್ಮನೋ, ಮಠ ಸೇರಿದ ಅಕ್ಕನೋ ಯಾವುದಾದರೊಂದು ಆಸ್ಪತ್ರೆಯಲ್ಲಿ ಬಿಳಿಯುಡುಗೆ ತೊಟ್ಟವರೇ. ಈ ಕಸುಬನ್ನು ಸೇರುವ ಬಾಗಿಲು ಒಂದು ಶತಮಾನದಲ್ಲಿ ಎಲ್ಲಿಂದ ಎಲ್ಲಿಗೆ ಸರಿಯಿತು, ಇಂದು ಬಿ.ಎಸ್ಸಿ. ನರ್ಸಿಂಗ್ ಎಂದು ನಾವು ಕರೆಯುವ ಪದವಿಗೆ ಪ್ರವೇಶ ಪಡೆಯುವುದು ಏಕೆ ಇಷ್ಟು ತೊಡಕಾಯಿತು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಸೂಲಗಿತ್ತಿಯ ಕಾಲ

ನೂರು ವರ್ಷಗಳ ಹಿಂದೆ ನಮ್ಮ ತೆಂಗಿನ ತೋಟಗಳ ನಡುವಣ ಹಳ್ಳಿಗಳಲ್ಲಿ ರೋಗಿಯ ಆರೈಕೆ ಮನೆಯ ಹೆಂಗಸರ ಪಾಲಿಗೆ ಬಿಟ್ಟ ಕೆಲಸವಾಗಿತ್ತು. ಹೆರಿಗೆ ಸೂಲಗಿತ್ತಿಯ ಕೈಯಲ್ಲಿತ್ತು. ಈ ವಿದ್ಯೆಗೆ ಅರ್ಜಿಯಿರಲಿಲ್ಲ, ಅಂಕಪಟ್ಟಿಯಿರಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ಅದು ದಾಟುತ್ತಿತ್ತು. ನಮ್ಮದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಈ ಪರಂಪರೆಯ ಕೊನೆಯ ದೊಡ್ಡ ಹೆಸರು. ಅಜ್ಜಿಯಿಂದ ಕಲಿತ ಅವರು 15,000ಕ್ಕೂ ಮಿಗಿಲಾದ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರೆಂದು ಹೇಳಲಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಮನ್ನಿಸಿತು. ಅದೇ ವರ್ಷ ಡಿಸೆಂಬರ್ 25ರಂದು, ಕ್ರಿಸ್ತ ಜಯಂತಿಯ ದಿನ, ಅವರು ತೀರಿಕೊಂಡರು.

ನರಸಮ್ಮನವರಂಥವರ ಕೈಗುಣವನ್ನು ನೆನೆಯುವಾಗಲೇ ಇನ್ನೊಂದು ಸತ್ಯವನ್ನೂ ನೆನೆಯಬೇಕು. ನಂಜು, ರಕ್ತಸ್ರಾವ, ಸಿಡುಬು, ಪ್ಲೇಗು ಇವುಗಳ ಮುಂದೆ ಕೈಗುಣವೊಂದೇ ಸಾಲುತ್ತಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಇದನ್ನು ಮೈಸೂರು ಸಂಸ್ಥಾನಕ್ಕೆಲ್ಲ ಮನದಟ್ಟು ಮಾಡಿತು. ತರಬೇತಿ ಪಡೆದ ದಾದಿ ಬೇಕೆಂಬ ತಿಳಿವಳಿಕೆ ಬಂದದ್ದು ಇಂಥ ಸಂಕಟಗಳಿಂದ.

ಮೊದಲ ಬಾಗಿಲು: ಆಸ್ಪತ್ರೆಯ ಬಾಗಿಲೇ ಶಾಲೆಯ ಬಾಗಿಲು

ಫ್ಲಾರೆನ್ಸ್ ನೈಟಿಂಗೇಲ್ ಅವರು 1860ರಲ್ಲಿ ಲಂಡನ್ನಿನ ಸಂತ ಥಾಮಸರ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆಯನ್ನು ತೆರೆದ ಮೇಲೆ ಆ ಮಾದರಿ ನಮ್ಮ ದೇಶಕ್ಕೂ ಬಂತು. ಆಸ್ಪತ್ರೆಯೇ ಶಾಲೆ, ವಾರ್ಡೇ ತರಗತಿ, ಮೇಲ್ವಿಚಾರಕಿಯೇ ಉಪಾಧ್ಯಾಯಿನಿ. ನಮ್ಮ ಸೀಮೆಗೆ ಈ ಮಾದರಿಯನ್ನು ಹತ್ತಿರ ತಂದವರಲ್ಲಿ ಮಿಷನ್ ಆಸ್ಪತ್ರೆಗಳ ಪಾಲು ದೊಡ್ಡದು. 1854ರಲ್ಲಿ ಬೆಂಗಳೂರಿಗೆ ಬಂದಿಳಿದ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಪ್ರಾರಂಭಿಸಿದರು. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದ್ದರು. ಅದು ಮುಂದೆ ಮಹಾ ಆಸ್ಪತ್ರೆಯಾಗಿ ಬೆಳೆಯಿತು. ಪ್ರೊಟೆಸ್ಟೆಂಟ್ ಬಂಧುಗಳ ಪೈಕಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಕಟ್ಟಿದರು. ನಮಗೆ ಇನ್ನೂ ಸಮೀಪದ ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ನಡೆಯಿತು. ಸರ್ಕಾರದ ಕಡೆಯಿಂದ ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ 1935ರಲ್ಲಿ ವಾಣಿವಿಲಾಸ ಆಸ್ಪತ್ರೆಯೂ ಬಂದವು.

ಆ ಕಾಲದಲ್ಲಿ ದಾದಿಯರಾಗಿ ಸೇರಿದವರಲ್ಲಿ ಬಹುಪಾಲು ಕ್ರೈಸ್ತ ಹೆಣ್ಣುಮಕ್ಕಳು. ಇದಕ್ಕೆ ಕಾರಣ ನಮ್ಮವರ ಹೆಚ್ಚುಗಾರಿಕೆಯಷ್ಟೇ ಎಂದು ಬೀಗುವುದು ಬೇಡ. ಪರಪುರುಷರ ಮೈ ಮುಟ್ಟುವುದು, ಮಲಮೂತ್ರ ಬಳಿಯುವುದು, ರಾತ್ರಿ ಪಾಳಿಯಲ್ಲಿ ಮನೆಯ ಹೊರಗಿರುವುದು, ಇವೆಲ್ಲ ಮೇಲು ಕೀಳಿನ ಎಣಿಕೆಯ ಸಮಾಜದಲ್ಲಿ ಮೈಲಿಗೆಯ ಕೆಲಸಗಳಾಗಿದ್ದವು. ಅನುಕೂಲವಂತ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಬಡವರೂ ಅನಾಥರೂ ವಿಧವೆಯರೂ ಮಿಷನ್ ಶಾಲೆಗಳಲ್ಲಿ ನಾಲ್ಕಕ್ಷರ ಕಲಿತವರೂ ಹೋದರು. ಹೀಗೆ ಸಮಾಜ ಕೀಳೆಂದು ಬಿಟ್ಟ ಬಾಗಿಲೇ ನಮ್ಮ ಹೆಣ್ಣುಮಕ್ಕಳಿಗೆ ಸಂಬಳದ, ಸ್ವಾವಲಂಬನೆಯ ಬಾಗಿಲಾಯಿತು.

ಆ ಬಾಗಿಲಿನ ಕೀಲಿಕೈ ಯಾವುದು? ಓದುಬರಹ, ಆರೋಗ್ಯವಂತ ಮೈಕಟ್ಟು, ಅವೆಲ್ಲಕ್ಕಿಂತ ಹೆಚ್ಚಾಗಿ ಸ್ವಾಮಿಗಳು ಬರೆದುಕೊಡುತ್ತಿದ್ದ ಗುಣನಡತೆಯ ಪತ್ರ. ಹಿರಿಯರು ಹೇಳುವಂತೆ, ಅಂಥ ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು, ತಂದೆಯೊಡನೆ ಅರಸೀಕೆರೆ ಕಡೆಯಿಂದ ಬರುವ ರೈಲನ್ನು ತಿಪಟೂರಿನಲ್ಲಿ ಹಿಡಿದು ಬೆಂಗಳೂರಿಗೆ ಹೋದ ಹುಡುಗಿ ಆಸ್ಪತ್ರೆಯ ಮದರ್ ಅವರ ಮುಂದೆ ನಿಂತರೆ ಅಲ್ಲಿಗೆ ಪ್ರವೇಶ ಮುಗಿಯಿತು. ಮತ್ತೊಂದು ಮುಖ್ಯ ಸಂಗತಿಯೆಂದರೆ, ಆಗ ಹುಡುಗಿ ಹಣ ಕಟ್ಟುತ್ತಿರಲಿಲ್ಲ. ಊಟ, ವಸತಿ, ಸಮವಸ್ತ್ರಗಳನ್ನು ಆಸ್ಪತ್ರೆಯೇ ಕೊಟ್ಟು, ಕೈಖರ್ಚಿಗೆ ಅಲ್ಪಸ್ವಲ್ಪ ವೇತನವನ್ನೂ ಕೊಡುತ್ತಿತ್ತು. ಬದಲಿಗೆ ವಾರ್ಡಿನ ದುಡಿಮೆಯ ಬಹುಭಾಗ ಅವಳ ಮೇಲೆ ಬೀಳುತ್ತಿತ್ತು. ಕಲಿಕೆ ಎಷ್ಟೋ ವೇಳೆ ದುಡಿಮೆಯ ಕೆಳಗೆ ಹೂತುಹೋಗುತ್ತಿತ್ತೆಂಬುದೂ ನಿಜ.

ಮಠದೊಳಗಿನ ಒಂದು ಅಡ್ಡಿ ತೆರವಾದದ್ದು

ಇಂದಿನ ಓದುಗರಿಗೆ ಅಚ್ಚರಿಯೆನಿಸಬಹುದಾದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಇಪ್ಪತ್ತನೆಯ ಶತಮಾನದ ಆದಿಯವರೆಗೆ ಕನ್ಯಾಸ್ತ್ರೀಯರು ರೋಗಿಗಳ ಸೇವೆ ಮಾಡಬಹುದಾಗಿದ್ದರೂ, ವೈದ್ಯವೃತ್ತಿ ಮತ್ತು ಹೆರಿಗೆ ಮಾಡಿಸುವ ಕೆಲಸ ಅವರಿಗೆ ಧರ್ಮಸಭೆಯ ಅಂದಿನ ಶಿಸ್ತಿನ ಪ್ರಕಾರ ವಿಶೇಷ ಅನುಮತಿಯಿಲ್ಲದೆ ಸಲ್ಲುತ್ತಿರಲಿಲ್ಲ. ಹೆಂಗಸರು ಗಂಡು ವೈದ್ಯರ ಬಳಿಗೆ ಹೋಗಲು ಒಪ್ಪದ ನಮ್ಮ ದೇಶದಲ್ಲಿ ಇದರಿಂದಾದ ನಷ್ಟ ಸಣ್ಣದಲ್ಲ. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಅವರು 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಮಠ ಸೇರಿದಾಗ ಜಗದ್ಗುರು ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿಯಿಂದಲೇ ವೈದ್ಯವೃತ್ತಿಯನ್ನು ಮುಂದುವರಿಸಬೇಕಾಯಿತು. ಕೊನೆಗೆ 1936ರ ಫೆಬ್ರುವರಿ 11ರಂದು ರೋಮಿನಿಂದ ಹೊರಟ ಆದೇಶವೊಂದು, ಮಿಷನ್ ದೇಶಗಳ ಕನ್ಯಾಸ್ತ್ರೀಯರು ವೈದ್ಯಶಾಸ್ತ್ರ, ಶುಶ್ರೂಷೆ ಮತ್ತು ಪ್ರಸೂತಿ ವಿದ್ಯೆಗಳಲ್ಲಿ ಕ್ರಮಬದ್ಧ ಪ್ರಮಾಣಪತ್ರ ಪಡೆಯಲು ಪ್ರೋತ್ಸಾಹವನ್ನೇ ಕೊಟ್ಟಿತು. ಅಂದರೆ ಒಳ್ಳೆಯ ಮನಸ್ಸೊಂದೇ ಸಾಲದು, ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯೆಯೂ ಬೇಕೆಂದು ಸಭೆಯೇ ಹೇಳಿದಂತಾಯಿತು.

ಅದೇ ಗ್ಲೌರಿ ಅವರು 1943ರಲ್ಲಿ ಬೆಂಗಳೂರಿನಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಅವರ ಕನಸಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲಿಯೇ ದೈವಾಧೀನರಾದರು. ಭಾರತದ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನ್ ವೈದ್ಯಕೀಯ ಕಾಲೇಜನ್ನು ತೆರೆದಾಗ ಆ ಕನಸು ಕೈಗೂಡಿತು. 1975ರಲ್ಲಿ ಅದರ ಆಸ್ಪತ್ರೆ, 1980ರಲ್ಲಿ ಶುಶ್ರೂಷಾ ಶಾಲೆ, 1989ರಲ್ಲಿ ಶುಶ್ರೂಷಾ ಪದವಿ ಕಾಲೇಜು, ಹೀಗೆ ಒಂದರ ಹಿಂದೊಂದು ಬಂದವು.

ಪದವಿ ಹುಟ್ಟಿದ ಬಗೆ

ದಾದಿಯ ತರಬೇತಿ ವಿಶ್ವವಿದ್ಯಾನಿಲಯದ ಪದವಿಯಾದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯು ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿ ಇರುವಳೆಂದು ಲೆಕ್ಕ ಹಾಕಿತು. ಅದೇ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಬಿ.ಎಸ್ಸಿ. ನರ್ಸಿಂಗ್ ಪದವಿ ಶಿಕ್ಷಣ ಪ್ರಾರಂಭವಾಯಿತು. ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರು 1909ರಲ್ಲಿಯೇ ಶುಶ್ರೂಷಾ ಶಾಲೆ ತೆರೆದಿದ್ದರೆಂಬುದನ್ನು ನೆನೆದರೆ, ಶಾಲೆಯಿಂದ ಪದವಿಗೆ ಏರಲು ಅಲ್ಲಿಯೇ 37 ವರ್ಷ ಹಿಡಿಯಿತೆಂದು ತಿಳಿಯುತ್ತದೆ. 1947ರ ಕಾಯಿದೆಯಿಂದ ಭಾರತೀಯ ಶುಶ್ರೂಷಾ ಪರಿಷತ್ತು ಸ್ಥಾಪನೆಯಾಗಿ ದೇಶಕ್ಕೆಲ್ಲ ಒಂದೇ ಮಟ್ಟದ ಪಠ್ಯಕ್ರಮ ರೂಪಿಸಿತು. ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯು ದಾದಿಯರ ಮತ್ತು ಸೂಲಗಿತ್ತಿಯರ ನೋಂದಣಿಗೆ ಆಧಾರವಾಯಿತು.

ಆದರೂ ನಮ್ಮ ಸೀಮೆಯ ಮಕ್ಕಳ ಪಾಲಿಗೆ ಬಹುಕಾಲ ಉಳಿದದ್ದು ಪದವಿಯಲ್ಲ, ಎಸ್.ಎಸ್.ಎಲ್.ಸಿ.ಯ ಮೇಲೆ ಸಿಗುತ್ತಿದ್ದ ಜಿ.ಎನ್.ಎಂ. ಡಿಪ್ಲೊಮಾ. ಅದೇ ಸಾಕೆಂದು ನಾವೂ ತೃಪ್ತರಾಗಿದ್ದೆವು. ಡಿಪ್ಲೊಮಾದವರು ರೋಗಿಯ ಬಳಿ ಯಾವ ವಿಧದಲ್ಲಿಯೂ ಕಡಿಮೆಯಲ್ಲ; ನಮ್ಮ ಆಸ್ಪತ್ರೆಗಳನ್ನು ಹೊತ್ತು ನಿಂತವರೇ ಅವರು. ಆದರೆ ಬೋಧಕಿಯಾಗಲು, ಸ್ನಾತಕೋತ್ತರ ಅಧ್ಯಯನಕ್ಕೆ ಹೋಗಲು, ಮೇಲಿನ ಹುದ್ದೆಗಳಿಗೆ ಏರಲು ಪದವಿಯೇ ಬೇಕಾಯಿತು. ಪದವಿಯ ಬೆಲೆ ನಮ್ಮವರಿಗೆ ತಿಳಿಯುವ ಹೊತ್ತಿಗೆ ಆ ಬಾಗಿಲು ಹಳೆಯ ಜಾಗದಿಂದ ಸರಿದಿತ್ತು.

ಅಟ್ಟದ ಕಾಯಿಯೂ ಕಾಲೇಜಿನ ಶುಲ್ಕವೂ

1980ರ ದಶಕದಿಂದೀಚೆಗೆ ಖಾಸಗಿ ಶುಶ್ರೂಷಾ ಕಾಲೇಜುಗಳು ಹೆಚ್ಚತೊಡಗಿದವು. ಬೆಂಗಳೂರು, ಮಂಗಳೂರು ಮೊದಲಾದ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದ ಕಾಲೇಜುಗಳು 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ಆಶ್ರಯಕ್ಕೆ ಬಂದವು. ಇಂದು ರಾಜ್ಯದಲ್ಲಿ ಇಂಥ ಕಾಲೇಜುಗಳು ನೂರಾರು. ನಮ್ಮ ಜಿಲ್ಲಾ ಕೇಂದ್ರವಾದ ತುಮಕೂರಿನಲ್ಲಿಯೂ ಇವೆ. ಅವುಗಳಲ್ಲಿ ಬಹುಕಾಲ ಕೇರಳದ ಮಕ್ಕಳೇ ತುಂಬಿದ್ದರು. ದುಡಿಮೆಗಾಗಿ ಪರದೇಶಕ್ಕೆ ಹೋಗುವ ದಾರಿಯನ್ನು ಅಲ್ಲಿನ ಮನೆಗಳು ನಮಗಿಂತ ಬೇಗ ಕಂಡಿದ್ದವು. ನಮ್ಮ ಊರಿಗೆ ಸಮೀಪದ ಕಾಲೇಜಿನಲ್ಲಿ ದೂರದೂರಿನ ಮಕ್ಕಳು ಓದುತ್ತಿದ್ದರು; ನಮ್ಮ ಮಕ್ಕಳು ಮನೆಯಲ್ಲಿದ್ದರು.

ಈ ಬದಲಾವಣೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಹಣದ ದಿಕ್ಕು ತಿರುಗಿದ್ದು. ಹಿಂದೆ ಆಸ್ಪತ್ರೆ ಹುಡುಗಿಗೆ ಕೊಡುತ್ತಿತ್ತು. ಈಗ ಹುಡುಗಿಯ ಮನೆಯವರು ಕಾಲೇಜಿಗೆ ಕೊಡಬೇಕಾಯಿತು. ಕೊಡುವ ಹಣ ಬರುವುದೆಲ್ಲಿಂದ? ನಮ್ಮ ಸೀಮೆಯ ಬಹುಪಾಲು ಮನೆಗಳಲ್ಲಿ ಅದು ಅಟ್ಟದ ಮೇಲಿರುತ್ತದೆ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದಾಗುವ ಉಂಡೆ ಕೊಬ್ಬರಿಯಾಗುತ್ತದೆ. ಅವಸರ ಮಾಡಿ ಇಳಿಸಿದರೆ ಕೊಬ್ಬರಿಯ ಬೆಲೆ ಸಿಗದು. ಕಾಲೇಜಿನ ಶುಲ್ಕವಾದರೋ ಕಾಯಿ ಒಣಗುವುದನ್ನು ಕಾಯುವುದಿಲ್ಲ.

ಬೆಲೆಯೂ ನಮ್ಮ ಕೈಯಲ್ಲಿಲ್ಲ. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಒಂದೇ ಮನೆಯ ಅಕ್ಕ 2023ರಲ್ಲಿಯೂ ತಂಗಿ 2025ರಲ್ಲಿಯೂ ಪಿ.ಯು. ಮುಗಿಸಿದರೆ, ಇಬ್ಬರ ಬುದ್ಧಿ ಸಮನಾಗಿದ್ದರೂ ಭವಿಷ್ಯ ಸಮನಾಗಿರದು. ಇದರ ಮೇಲೆ ನುಸಿ ಪೀಡೆ, ಕಾಂಡದಲ್ಲಿ ರಸ ಸೋರುವ ರೋಗ, ಕಪ್ಪು ತಲೆ ಹುಳು ಇವುಗಳಿಂದ ಸೊರಗಿದ ತೋಟದ ಮನೆಗಳ ಪಾಡನ್ನು ಓದುಗರೇ ಬಲ್ಲರು.

ಇಂಥ ಸಂಧಿಯಲ್ಲಿಯೇ ಮಧ್ಯವರ್ತಿಗಳು ನುಸುಳಿದರು. ನಮ್ಮ ಮನೆಯದೇ ಒಂದು ಕಥೆಯನ್ನು ಸಂಕೋಚದಿಂದ ಹೇಳುತ್ತೇವೆ. ನಮ್ಮ ಅಣ್ಣನ ಮಗಳು ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಓದಿ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಮುಂದೆ ನರ್ಸ್ ಆಗಬೇಕೆಂಬುದು ಅವಳ ಆಸೆ. ಯಾವ ವಿಷಯ ತೆಗೆದುಕೊಳ್ಳಬೇಕೆಂದು ಅಣ್ಣ ನಮ್ಮನ್ನು ಕೇಳಿದಾಗ, ಬಸ್ಸಿನ ಓಡಾಟ ಕಡಿಮೆಯಾಗಲೆಂದು, ಹತ್ತಿರದ ಕಾಲೇಜಿನಲ್ಲಿದ್ದ ಕಲಾ ವಿಭಾಗಕ್ಕೇ ಸೇರಿಸಲು ಹೇಳಿದವರು ನಾವೇ. ‘ಮೊದಲು ಪಿ.ಯು. ಆಗಲಿ, ಆಮೇಲೆ ನೋಡೋಣ’ ಎಂದೆವು. ಆಮೇಲೆ ನೋಡಿದಾಗ ಪದವಿಗೆ ಜೀವಶಾಸ್ತ್ರ ಬೇಕೆಂದು ತಿಳಿಯಿತು. ಅಷ್ಟರಲ್ಲಿ ಪರಿಚಯದ ಒಬ್ಬರು, ಹೇಗಾದರೂ ಸೀಟು ಕೊಡಿಸುವುದಾಗಿ ನಂಬಿಸಿದರು. ಅಣ್ಣ ಅಟ್ಟದಲ್ಲಿ ಇನ್ನೂ ಕೊಬ್ಬರಿಯಾಗದ ಕಾಯನ್ನು ಇಳಿಸಿ, ಬಂದ ದರಕ್ಕೆ ಮಾರಿ, ಮುಂಗಡ ಕೊಟ್ಟರು. ಸೀಟು ಬರಲಿಲ್ಲ, ಹಣವೂ ಹಿಂದಿರುಗಲಿಲ್ಲ. ಅತ್ತಿಗೆಯವರು ಒಂದು ಮಾತೂ ಆಡಲಿಲ್ಲ. ಖಾಲಿ ಅಟ್ಟದ ಕಡೆ ನೋಡಿ ಒಳಗೆ ಹೋದರು. ಆ ನೋಟವನ್ನು ನಾವು ಮರೆತಿಲ್ಲ.

ಹುಡುಗಿ ಕೈಚೆಲ್ಲಲಿಲ್ಲ. ಯಾವ ವಿಭಾಗದಲ್ಲಿ ಓದಿದವರಿಗೂ ಅವಕಾಶವಿದ್ದ ಜಿ.ಎನ್.ಎಂ. ಡಿಪ್ಲೊಮಾ ಸೇರಿ, ನೋಂದಣಿ ಮಾಡಿಸಿ, ಕೆಲವು ವರ್ಷ ದುಡಿದು, ಅನಂತರ ಡಿಪ್ಲೊಮಾದವರಿಗೆಂದೇ ಇರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿದಳು. ಪದವಿ ಬಂತು. ಆದರೆ ನಾಲ್ಕು ವರ್ಷದ ದಾರಿಯನ್ನು ಅವಳು ಅದರ ಎರಡರಷ್ಟು ಕಾಲ ನಡೆಯಬೇಕಾಯಿತು. ಕಾರಣ, ಹದಿನಾರರ ವಯಸ್ಸಿನಲ್ಲಿ ಅವಳಿಗೆ ಸರಿಯಾದ ಒಂದು ಮಾತು ಹೇಳುವವರಿರಲಿಲ್ಲ.

ಇಂದಿನ ಬಾಗಿಲು ಎಲ್ಲಿದೆ?

ಭಾರತೀಯ ಶುಶ್ರೂಷಾ ಪರಿಷತ್ತಿನ 2020ರ ಪರಿಷ್ಕೃತ ನಿಯಮಗಳು 2021ರಲ್ಲಿ ರಾಜಪತ್ರದಲ್ಲಿ ಪ್ರಕಟವಾದವು. ಅದರಂತೆ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ಪದವಿ. ಪ್ರವೇಶಕ್ಕೆ ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ ಒಟ್ಟಿನಲ್ಲಿ ಶೇಕಡಾ 45 ಅಂಕಗಳನ್ನೂ, ಪರಿಶಿಷ್ಟ ಜಾತಿ ಪಂಗಡದವರಾದರೆ ಶೇಕಡಾ 40 ಅಂಕಗಳನ್ನೂ ಪಡೆದಿರಬೇಕು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು, ದೇಹಾರೋಗ್ಯವಿರಬೇಕು. ಗಂಡುಮಕ್ಕಳಿಗೂ ಅವಕಾಶವುಂಟು. ಇವೆಲ್ಲದರ ಜೊತೆಗೆ ಪ್ರವೇಶ ಪರೀಕ್ಷೆ ಕಡ್ಡಾಯವಾಯಿತು. ನಮ್ಮ ರಾಜ್ಯದಲ್ಲಿ ಈಚಿನ ವರ್ಷಗಳಿಂದ ಸರ್ಕಾರಿ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ. ಮೂಲಕ ಹಂಚುತ್ತಿದೆ.

ಇದರಲ್ಲಿ ನಮ್ಮವರು ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು ವಿಷಯದ ಆಯ್ಕೆ. ನಮ್ಮ ಮನೆಯ ಕಥೆಯಲ್ಲಿ ಅದನ್ನು ಹೇಳಿದ್ದೇವೆ. ಬಾಗಿಲು ತೆರೆಯುವುದು ಪಿ.ಯು. ಫಲಿತಾಂಶದ ದಿನವಲ್ಲ, ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ. ಎರಡನೆಯದು ಅರ್ಜಿಯ ಕಾಲ. ಪಿ.ಯು. ಫಲಿತಾಂಶ ಬಂದ ಮೇಲೆ ಅರ್ಜಿ ಹಾಕುವುದೆಂಬ ಹಳೆಯ ಎಣಿಕೆ ಈಗ ನಡೆಯದು, ಸಿ.ಇ.ಟಿ. ಅರ್ಜಿಯನ್ನು ಅದಕ್ಕೂ ಮುಂಚೆ, ಆ ವರ್ಷದ ಮೊದಲ ತಿಂಗಳುಗಳಲ್ಲಿಯೇ ಸಲ್ಲಿಸಬೇಕು. ಆಗ ತಪ್ಪಿದರೆ ಎಷ್ಟೇ ಅಂಕ ಬಂದಿದ್ದರೂ ಸರ್ಕಾರಿ ಪಾಲಿನ ಸೀಟು ಕೈತಪ್ಪುತ್ತದೆ.

ಮೂರನೆಯದು ಪ್ರಮಾಣಪತ್ರಗಳು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿಯುಂಟು. ಹಳ್ಳಿಯ ಮಗಳನ್ನು ಒಳ್ಳೆಯ ಶಾಲೆಯೆಂದು ಪಟ್ಟಣದ ವಸತಿ ಶಾಲೆಗೆ ಎರಡು ವರ್ಷದ ಮಟ್ಟಿಗೆ ಸೇರಿಸಿದರೂ ಗ್ರಾಮೀಣ ಮೀಸಲಾತಿ ಹೋಗುತ್ತದೆಂಬುದು ಎಷ್ಟೋ ತಂದೆತಾಯಿಯರಿಗೆ ತಿಳಿದಿಲ್ಲ. ಸೇರಿಸಬೇಡಿರೆಂದು ನಾವು ಹೇಳುತ್ತಿಲ್ಲ. ತಿಳಿದು ಸೇರಿಸಿರೆಂದು ಹೇಳುತ್ತೇವೆ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3-ಬಿಗೂ, ಪರಿಶಿಷ್ಟ ಜಾತಿಗಳಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೂ ಸೇರಿದ್ದಾರೆ. ನಾಡಕಚೇರಿಯಿಂದ ಈ ಪತ್ರವನ್ನು ಮುಂಚೆಯೇ ಪಡೆದಿಟ್ಟುಕೊಳ್ಳದೆ, ಕೊನೆಯ ವಾರದಲ್ಲಿ ಓಡಾಡುವವರನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಶುಲ್ಕದ ವಿಷಯದಲ್ಲಿ ‘ಅರಿವು’ ಸಾಲವನ್ನೂ ಬ್ಯಾಂಕಿನ ವಿದ್ಯಾ ಸಾಲವನ್ನೂ ವಿಚಾರಿಸದೆ ಅಟ್ಟದ ಕಾಯಿಗೆ ಕೈಹಾಕುವುದು ಸಲ್ಲದು.

ಕಾಲೇಜಿನ ಮಾನ್ಯತೆಯನ್ನು ಕುರಿತೂ ಒಂದು ಮಾತು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಕೇಂದ್ರ ಪರಿಷತ್ತಿನದೋ ರಾಜ್ಯದ್ದೋ ಎಂಬ ವಿವಾದ 2017ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೆ ಹೋಗಿ, ಹೊರರಾಜ್ಯದ ವಿದ್ಯಾರ್ಥಿಗಳೂ ಸಾಲ ಕೋರಿದವರೂ ಗೊಂದಲಕ್ಕೊಳಗಾದರು. 2023ರಲ್ಲಿ ಸಂಸತ್ತು ಹಳೆಯ ಕಾಯಿದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಕಾನೂನು ಹೇಗೇ ಬದಲಾಗಲಿ, ತಂದೆತಾಯಿಯರು ಮಾಡಬೇಕಾದದ್ದು ಸರಳ. ಕಾಲೇಜಿನ ಹೆಸರು ರಾಜ್ಯ ಶುಶ್ರೂಷಾ ಪರಿಷತ್ತಿನ ಮತ್ತು ಆರೋಗ್ಯ ವಿಶ್ವವಿದ್ಯಾನಿಲಯದ ಪಟ್ಟಿಯಲ್ಲಿ ಆ ವರ್ಷಕ್ಕೆ ಇದೆಯೇ ಎಂದು ನೋಡಬೇಕು. ಆಸ್ಪತ್ರೆಯನ್ನು ಕಣ್ಣಾರೆ ಕಾಣಬೇಕು. ಕಾಲೇಜಿನ ಹಿಂದೆ ಕನಿಷ್ಠ 100 ಹಾಸಿಗೆಗಳ ಆಸ್ಪತ್ರೆಯಿರಬೇಕೆಂಬುದು ನಿಯಮ. ರೋಗಿಗಳಿಲ್ಲದ ಕಡೆ ಶುಶ್ರೂಷೆ ಕಲಿಯುವುದೆಂದರೆ ಕೆರೆಯಿಲ್ಲದ ಊರಿನಲ್ಲಿ ಈಜು ಕಲಿತಂತೆ.

ಪತ್ರದಿಂದ ಮಾತಿಗೆ

ಈ ನೂರು ವರ್ಷಗಳನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶುಶ್ರೂಷೆಯ ಬಾಗಿಲು ನಮ್ಮ ಮಕ್ಕಳಿಗೆ ಎಂದೂ ಪೂರ್ತಿ ಮುಚ್ಚಿರಲಿಲ್ಲ. ಮೊದಲು ಅದು ಸ್ವಾಮಿಗಳ ಪತ್ರಕ್ಕೆ ತೆರೆಯಿತು, ಆಮೇಲೆ ಅಂಕಪಟ್ಟಿಗೆ, ಆಮೇಲೆ ಹಣಕ್ಕೆ, ಈಗ ಪರೀಕ್ಷೆಗೆ. ಪ್ರತಿಸಲ ಅದು ಜಾಗ ಬದಲಿಸಿದಾಗಲೂ ಸುದ್ದಿ ನಮಗೆ ತಡವಾಗಿ ತಲುಪಿತು. ಹಳೆಯ ವ್ಯವಸ್ಥೆಗೆ ಮರಳಬೇಕೆಂದು ನಾವು ಹಂಬಲಿಸುವುದಿಲ್ಲ. ಒಬ್ಬರ ಪತ್ರದಿಂದ ಒಳಹೋಗುವ ವ್ಯವಸ್ಥೆಯಲ್ಲಿ ಪತ್ರ ಸಿಗದವಳ ಗತಿಯೇನೆಂದು ಯಾರೂ ಕೇಳುತ್ತಿರಲಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ, ಅದರಲ್ಲಿ ನ್ಯಾಯವಿದೆ. ಆದರೆ ಪರೀಕ್ಷೆ ಇದೆಯೆಂದು ತಿಳಿದವರಿಗೆ ಮಾತ್ರ ಆ ನ್ಯಾಯ ದೊರೆಯುತ್ತದೆ.

ಹಳೆಯ ಪತ್ರದ ಬೆಲೆ ಪೂರ್ತಿ ಹೋಗಿದೆಯೆಂದೂ ಅಲ್ಲ. ಕ್ರೈಸ್ತ ಅಲ್ಪಸಂಖ್ಯಾತ ಸಂಸ್ಥೆಗಳು ತಮ್ಮ ಪಾಲಿನ ಸೀಟುಗಳಲ್ಲಿ ನಮ್ಮ ಮಕ್ಕಳಿಗೆ ಆದ್ಯತೆ ಕೊಡುವಾಗ ಕೆಲವೆಡೆ ಜ್ಞಾನಸ್ನಾನದ ಪತ್ರವನ್ನು ಕೇಳುವುದುಂಟು. ಆದರೆ ಇಂದು ಧರ್ಮಕೇಂದ್ರ ಕೊಡಬಹುದಾದ ದೊಡ್ಡ ಸಹಾಯ ಪತ್ರವಲ್ಲ, ಸಕಾಲದ ಮಾತು. ಎಸ್.ಎಸ್.ಎಲ್.ಸಿ. ಫಲಿತಾಂಶದ ಭಾನುವಾರ ಬಲಿಪೂಜೆಯ ನಂತರ, ನಮ್ಮವರೇ ಆದ ಶುಶ್ರೂಷಕಿಯರು ಮಕ್ಕಳನ್ನೂ ತಂದೆತಾಯಿಯರನ್ನೂ ಕೂರಿಸಿಕೊಂಡು ಯಾವ ವಿಷಯ, ಯಾವ ಪರೀಕ್ಷೆ, ಯಾವ ಪತ್ರ ಎಂದು ಒಂದು ಗಂಟೆ ತಿಳಿಸಿಕೊಡಲಿ. ಹೊಸ ವರ್ಷದ ಪ್ರಾರಂಭದಲ್ಲಿ ಅರ್ಜಿಯ ತಾರೀಖನ್ನು ಪ್ರಕಟಣೆಯಲ್ಲಿ ಓದಲಿ. ಇದಕ್ಕೆ ಖರ್ಚಿಲ್ಲ, ಕಟ್ಟಡ ಬೇಡ. ಕನ್ನಡ ಮಾಧ್ಯಮದಿಂದ ಹೋದ ಹುಡುಗಿ ಮೊದಲ ಸೆಮಿಸ್ಟರಿನ ಶರೀರ ರಚನಾಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಲಾರದೆ ಅಳುವಾಗ, ಅದೇ ದಾರಿಯಲ್ಲಿ ಮೊದಲೇ ನಡೆದ ಅಕ್ಕ ಒಬ್ಬಳ ದೂರವಾಣಿ ಕರೆ ಅವಳನ್ನು ಕಾಲೇಜಿನಲ್ಲಿ ಉಳಿಸಬಲ್ಲದು.

ನಮ್ಮ ಅಣ್ಣನ ಮಗಳು ಈ ಸಲದ ಹಬ್ಬಕ್ಕೆ ರಜೆ ಹಾಕಿ ಬರುವುದಾಗಿ ತಿಳಿಸಿದ್ದಾಳೆ. ಮೇಲೆ ಹೇಳಿದ ಭಾನುವಾರದ ಸಭೆಯಲ್ಲಿ ಮೊದಲು ಮಾತನಾಡಲು ಅವಳೇ ಒಪ್ಪಿದ್ದಾಳೆ. ಅವಳು ಹೇಳುವುದನ್ನು ಕೇಳಲು ಈ ಸಲ ನಾವು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇವೆ.